ಉಂಡೆಯ ಊಟದ ಲೆಕ್ಕ

ಪುಟ್ಟಿ,

ಫೋನಲ್ಲಿ ಹೇಳೋಕೆ ಹೋದ್ರೆ ಅರ್ಧಕ್ಕೇ "ಅಮ್ಮಾ ಕ್ಲಾಸಿದೆ" ಅಂತ ಇಟ್ಬಿಡ್ತೀಯ, ಅದಕ್ಕೇ ಬರೀತಾ ಇದೀನಿ, ಪೂರ್ತಿ ಓದು ಕಣೇ. ಇವತ್ತು ಜನವರಿ 16. ಈ ವರ್ಷ ಒಹಾಯೋ ಚಳಿ ಜಾಸ್ತೀನೇ, ನಿಮ್ಮಪ್ಪ ಹೊರಗೆ ಸ್ನೋ ತೆಗೀತಾ ಇದಾರೆ, ನಾನು ಬೇಸ್ಮೆಂಟಲ್ಲಿ ಇಲಿ ಪಂಜರದ ಪಕ್ಕ ಆ ಹಳೇ ಚೇರ್ ಹಾಕ್ಕೊಂಡು ಕೂತಿದೀನಿ.

ಮೊದಲು ನಿನ್ನ ಹಾವು ಉಂಡೆ ವಿಷಯ. ದೀಪಾವಳಿ ವಾರ ತಿಂದಿದ್ದೇ ಕೊನೆ, ಆಮೇಲೆ ಬಾಯಿಗೆ ಏನೂ ಹಾಕಿಲ್ಲ. ನೀನು ಹೇಳ್ಕೊಟ್ಟ ಹಾಗೇ ಸಾಯಿಸಿ ಫ್ರೀಜ್ ಮಾಡಿಟ್ಟ ಇಲೀನ ರಾತ್ರಿ ಫ್ರೀಜರಿಂದ ಫ್ರಿಜ್‌ಗೆ ಇಳಿಸಿ, ಮಾರನೇ ದಿನ ಜಿಪ್ ಕವರಲ್ಲಿ ಹಾಕಿ ಬಿಸಿನೀರಲ್ಲಿಟ್ಟು, ಇಲಿ ಮೈ 38 ಡಿಗ್ರಿ ಹತ್ರ ಬಂದ ಮೇಲೇನೇ ಚಿಮಟದಲ್ಲಿ ಹಿಡಿದು ಕೊಟ್ಟಿದ್ದು, ಮೂರು ಸಲ ಕೊಟ್ಟೆ, ಮೂರು ಸಲಾನೂ ಮೂಸಿ ನೋಡಿ ಮುಖ ತಿರುಗಿಸ್ಕೊಂಡು ಗೂಡಿಗೆ ಹೋದ್ಲು. ಕರಗಿದ್ದನ್ನ ವಾಪಸ್ ಫ್ರೀಜ್ ಮಾಡೋ ಹಾಗಿಲ್ಲ, ಮೂರೂ ಕಸಕ್ಕೆ ಹೋಯ್ತು. ಭಯ ಪಡ್ಬೇಡ, ತೂಕ ನೋಡ್ತಾ ಇದೀನಿ, 1,540 ಗ್ರಾಂ ಇದ್ಲು, ಈಗ 1,505. ಬಾಲ್ ಪೈಥಾನ್‌ಗಳು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಊಟ ಬಿಡೋದು ಮಾಮೂಲಿ, ತೂಕ ತುಂಬಾ ಇಳೀದೇ ಇದ್ರೆ ಏನೂ ಆಗಲ್ಲ. ಬಿಸಿ ಕಡೆ 32 ಡಿಗ್ರಿ ಇದೆ, ನೀರು ದಿನಾ ಬದಲಾಯಿಸ್ತೀನಿ. ಈಗಲೂ ತಲೆ ಒಳಗೆ ಮಾಡ್ಕೊಂಡು ಉಂಡೆಬೆಲ್ಲದ ಹಾಗೇ ಸುತ್ಕೊಂಡು ಮಲಗಿದಾಳೆ.

ಈಗ ನಿನ್ನ ಮೆಸೇಜಿಗೆ ಬರ್ತೀನಿ. ಇಲಿ ಜಾಸ್ತಿ ಆಗ್ತಿದೆ ಅಂದ್ರೆ ಇನ್ನೆರಡು ಪಂಜರ ತಗೊಳ್ಳೋಣ, ಹೆಚ್ಚಾಗಿದ್ದನ್ನ ಹಾವು ಸಾಕೋ ಫ್ರೆಂಡ್ಸ್‌ಗೆ ಮಾರಿದ್ರೆ ಖರ್ಚೂ ಬರುತ್ತೆ ಅಂದ್ಯಲ್ಲ. ಬೇಡ ಪುಟ್ಟಿ. ಬೇಡ ಅಷ್ಟೇ ಅಲ್ಲ, ಇಲಿ ಮರಿ ಮಾಡ್ಸೋದನ್ನೇ ಇಲ್ಲಿಗೆ ನಿಲ್ಲಿಸ್ಬೇಕು ಅಂತ ನನಗನ್ನಿಸಿದೆ. ಯಾಕೆ ಅಂತ ಹೇಳ್ತೀನಿ ಕೇಳು.

ಆಗಸ್ಟಲ್ಲಿ ನೀನು ಹಾಸ್ಟೆಲ್‌ಗೆ ಹೊರಟಾಗ ಒಂದು ಗಂಡು ಐದು ಹೆಣ್ಣು ಬಿಟ್ಟು ಹೋದೆ. ಹೆಣ್ಣಿಲಿ 21ರಿಂದ 23 ದಿನಕ್ಕೆ ಹಾಕುತ್ತೆ, ಹಾಕಿದ ದಿನವೇ ಗಂಡು ಪಕ್ಕದಲ್ಲಿದ್ರೆ ಮತ್ತೆ ಗಬ್ಬ ಆಗುತ್ತೆ. ಒಂದು ಸಲಕ್ಕೆ ಹತ್ತು ಮರಿ, ವರ್ಷಕ್ಕೆ ಐದೇ ಸಲ ಅಂದ್ಕೊಂಡ್ರೂ ಐದು ಹೆಣ್ಣಿಗೆ 250 ಮರಿ ಆಯ್ತು. ಉಂಡೆಗೆ ಎಷ್ಟು ಬೇಕು? ಎರಡು ವಾರಕ್ಕೊಂದು ಇಲಿ, ಅದೂ ಅವಳ ತೂಕದ ಇಪ್ಪತ್ತನೇ ಒಂದು ಭಾಗದಷ್ಟು, ಒಂದು 75 ಗ್ರಾಮಿನ ಇಲಿ. ವರ್ಷಕ್ಕೆ 26. ಚಳಿಗಾಲದಲ್ಲಿ ಹೀಗೆ ಉಪವಾಸ ಕೂತ್ರೆ ಇಪ್ಪತ್ತೂ ಬೇಡ. ಒಂದೇ ಒಂದು ಹೆಣ್ಣಿಲಿ ಮೂರು ಸಲ ಹಾಕಿದ್ರೆ ಸಾಕಾಗ್ತಿತ್ತು. ಇದನ್ನ ಶುರುವಲ್ಲೇ ಕೂತು ನಾವಿಬ್ರೂ ಲೆಕ್ಕ ಹಾಕ್ಬೇಕಿತ್ತು, ಹಾಕ್ಲಿಲ್ಲ.

ಅಕ್ಟೋಬರಲ್ಲಿ ಏನಾಯ್ತು ಅಂತ ನಿನಗೆ ಪೂರ್ತಿ ಹೇಳಿರ್ಲಿಲ್ಲ, ಪರೀಕ್ಷೆ ಇತ್ತಲ್ಲ ಅಂತ. ಮರಿಗಳಿಗೆ ಐದು ವಾರ ಆಗೋದ್ರೊಳಗೆ ಗಂಡು ಹೆಣ್ಣು ಬೇರೆ ಮಾಡ್ಬೇಕು ಅಂತ ನೀನು ಗೋಡೆ ಮೇಲೆ ಬರೆದು ಅಂಟಿಸಿ ಹೋಗಿದ್ದೆ. ಷಿಕಾಗೋ ಮದುವೆಗೆ ಹೋಗಿ ಬರೋದ್ರೊಳಗೆ ಆರು ವಾರ ದಾಟಿತ್ತು, ನಿಮ್ಮಪ್ಪ ಊಟ ನೀರು ಹಾಕಿದ್ರು ಅಷ್ಟೇ, ತಪ್ಪು ನಂದೇ, ಹೋಗೋ ಮುಂಚೆ ಬೇರೆ ಮಾಡಿ ಹೋಗ್ಬೇಕಿತ್ತು. ದೊಡ್ಡವು ಮೂರು, ಆ ಚಿಕ್ಕ ಹುಡುಗೀರು ಎರಡು, ಒಂದೇ ವಾರದಲ್ಲಿ ಐದು ಬಾಣಂತನ. 54 ಮರಿ. ಚಿಕ್ಕವೆರಡಕ್ಕೂ ಇನ್ನೂ ಮೈ ಬಲಿತಿರ್ಲಿಲ್ಲ, ಮೊದಲ್ನೇ ಸಲ ಗಬ್ಬ ಆಗೋಕೆ ಮೂರು ನಾಲ್ಕು ತಿಂಗಳಾದ್ರೂ ಆಗಿರ್ಬೇಕು, ಒಂದರ ಮರಿ ಅರ್ಧಕ್ಕರ್ಧ ಉಳೀಲಿಲ್ಲ.

ಹುಟ್ಟಿದ ಇಲಿಮರಿ ನೀನು ನೋಡಿದೀಯ, ಆದ್ರೆ ನಾನು ನೋಡಿದ ಹಾಗೆ ಕೂತು ನೋಡಿದೀಯೋ ಇಲ್ವೋ. ಹುರುಳಿಕಾಯಿ ತುಂಡಿನಷ್ಟು, ಕೆಂಪಗೆ, ಕಣ್ಣು ಕಿವಿ ಎಲ್ಲ ಮುಚ್ಕೊಂಡಿರುತ್ತೆ. ಚರ್ಮ ಎಷ್ಟು ತೆಳು ಅಂದ್ರೆ ಹಾಲು ಕುಡಿದಿದ್ರೆ ಹೊಟ್ಟೆ ಎಡಗಡೆ ಬೆಳ್ಳಗೆ ಒಂದು ಪಟ್ಟೆ ಆಚೆಗೇ ಕಾಣುತ್ತೆ. ದಿನಾ ಬೆಳಿಗ್ಗೆ ಆ ಪಟ್ಟೆ ಎಷ್ಟಕ್ಕಿದೆ ಎಷ್ಟಕ್ಕಿಲ್ಲ ಅಂತ ಎಣಿಸೋದೇ ನನ್ನ ಮೊದಲ್ನೇ ಕೆಲಸ. ಇಲ್ಲದೇ ಇರೋದನ್ನ ಇನ್ನೊಂದು ತಾಯಿ ಹತ್ರ ಹಾಕಿದ್ರೆ ಅದು ತನ್ನದೇ ಮರಿ ಅನ್ನೋ ಹಾಗೆ ಎಳ್ಕೊಂಡು ಹಾಲು ಕೊಡುತ್ತೆ. ಒಂದಿನ ಬೆಳಿಗ್ಗೆ ಆರಕ್ಕೆ ಇಳಿದು ಬಂದ್ರೆ ನೀರಿನ ಬಾಟ್ಲಿ ರಾತ್ರಿಯೆಲ್ಲ ಸೋರಿ ಪಂಜರದ ಒಂದು ಕಡೆ ಪೂರ್ತಿ ಒದ್ದೆ, ಹನ್ನೊಂದು ಮರಿ ಇದ್ದ ಗೂಡು ನೀರಲ್ಲಿ ಅದ್ದಿಹೋಗಿದೆ, ನನ್ನ ಎದೆ ಧಸಕ್ ಅಂತು. ನೋಡಿದ್ರೆ ತಾಯಿ ಹನ್ನೊಂದನ್ನೂ ಬಾಯಲ್ಲಿ ಕಚ್ಕೊಂಡು ಆ ಮೂಲೆಯಿಂದ ಈ ಮೂಲೆಗೆ ಒಂದೊಂದಾಗಿ ಸಾಗಿಸಿ, ಒಣಗಿದ ಪೇಪರ್ ಚೂರೆಲ್ಲ ಎಳ್ಕೊಂಡು ಬಂದು ಮೇಲೆ ಮುಚ್ಚಿ, ತಾನು ನೆಂದ ಮೈಯಲ್ಲೇ ಅವುಗಳ ಮೇಲೆ ಮಲಗಿತ್ತು. ಅವತ್ತು ಕೆಲಸಕ್ಕೆ ಲೇಟಾಯ್ತು ನನಗೆ, ಅಲ್ಲೇ ಕೂತುಬಿಟ್ಟಿದ್ದೆ.

ನೀನು ಶನಿವಾರ ಮಾಡ್ತಿದ್ದ, ಇಲಿ ಸಾಯಿಸೋ ಕೆಲಸಾನೂ ಈಗ ನಾನೇ ಮಾಡ್ತೀನಿ. ಅದರ ಬಗ್ಗೆ ನನಗೆ ಹೇಸಿಗೆ ಇಲ್ಲ, ನಾವು ಕೋಳಿ ತಿನ್ನೋರು, ಹಾವು ತಿಂದ್ರೆ ತಪ್ಪು ಅನ್ನೋಕೆ ನಾನ್ಯಾರು. ಮೊದಲ ವರ್ಷ ನೀನು ಜೀವಂತ ಇಲಿ ಬಿಟ್ಟು, ಅದು ಉಂಡೆ ಬೆನ್ನಿಗೆ ಕಚ್ಚಿ, ಆ ಗಾಯದ ಗುರುತು ಇವತ್ತಿಗೂ ಹಾಗೇ ಇದೆ. ಅವತ್ತಿಂದ ಸಾಯಿಸಿಯೇ ಕೊಡೋದು ಅಂತ ನೀನು ಮಾಡಿದ ನಿಯಮ ಸರಿಯಾದದ್ದು, ಇಲಿಗೂ ಹಿಂಸೆ ಕಮ್ಮಿ, ಹಾವಿಗೂ ಅಪಾಯ ಇಲ್ಲ. ಸಿಲಿಂಡರಿಂದ ಕಾರ್ಬನ್ ಡೈಆಕ್ಸೈಡ್ ಗ್ಯಾಸನ್ನ ನಿಧಾನಕ್ಕೇ ಬಿಡ್ತೀನಿ, ಅಮೆರಿಕದ ಪಶುವೈದ್ಯರ ಸಂಘದ 2020ರ ಮಾರ್ಗಸೂಚಿಯಲ್ಲಿ ನಿಮಿಷಕ್ಕೆ ಡಬ್ಬದ ಅಳತೆಯ 30ರಿಂದ 70 ಪರ್ಸೆಂಟ್ ಅಂತಿದೆಯಲ್ಲ, ಮೀಟರ್ ನೋಡ್ಕೊಂಡೇ ಮಾಡೋದು. ಕಣ್ಣು ಬಿಡದ ಮರಿಗಳಿಗೆ ಮಾತ್ರ ಯಾವತ್ತೂ ಮಾಡಿಲ್ಲ, ಅವು ಉಸಿರಿಲ್ಲದೆ ಎಷ್ಟೋ ಹೊತ್ತು ತಡ್ಕೊಳ್ತವೆ, ಅದು ನನ್ನ ಕೈಲಿ ಆಗಲ್ಲ. ಆದ್ರೆ ಡಿಸೆಂಬರಲ್ಲಿ ಒಂದು ಶನಿವಾರ ಡಬ್ಬ ಮುಚ್ಚೋ ಹೊತ್ತಿಗೆ ನನಗೆ ನಾನೇ ಕೇಳ್ಕೊಂಡೆ, ಇದು ಯಾರ ಊಟಕ್ಕೆ ಅಂತ. ಉಂಡೆ ತಿಂತಿಲ್ಲ. ಫ್ರೀಜರಲ್ಲಿ ಆಗ್ಲೇ ಮೂವತ್ತರ ಮೇಲಿದೆ. ಪಂಜರದಲ್ಲಿ ಜಾಗ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಸಾಯಿಸ್ತಾ ಇದೀನಿ.

ಪುಟ್ಟಿ, ಶಿಡ್ಲಘಟ್ಟದ ಕಡೆ ನಮ್ಮನೇಲಿ ರೇಷ್ಮೆ ಹುಳ ಮೇಯಿಸ್ತಿದ್ವಿ ಅಂತ ನಿನಗೆ ಗೊತ್ತು. ಸಾಕಿ ಸಾಯಿಸೋ ಕೆಲಸ ನನಗೆ ಹೊಸದಲ್ಲ, ಗೂಡು ಬೇಯಿಸದೆ ರೇಷ್ಮೆ ಎಲ್ಲಿಂದ ಬರುತ್ತೆ. ನಾನು ಏಳನೇ ಕ್ಲಾಸಲ್ಲಿದ್ದಾಗ ಒಂದು ಬೆಳೆಗೆ ಗೂಡಿನ ರೇಟು ಚೆನ್ನಾಗಿತ್ತು ಅಂತ ನಿಮ್ಮ ತಾತ ಯಾವಾಗ್ಲೂ ತರೋ 100 ಮೊಟ್ಟೆ ಬದಲು 200 ಮೊಟ್ಟೆ ತಂದ್ರು. ಒಂದು ಚಿಟ್ಟೆ ಇಟ್ಟ ಪೂರ್ತಿ ಗುಂಪಿಗೇ ನಾವು ಒಂದು ಮೊಟ್ಟೆ ಅನ್ನೋದು, 100 ಮೊಟ್ಟೆ ಅಂದ್ರೇನೇ ಸುಮಾರು 40 ಸಾವಿರ ಹುಳ. ಹುಳ ಊಟ ಬಿಟ್ಟು ಪೊರೆ ಕಳಚೋದಕ್ಕೆ ಜ್ವರ ಅಂತೀವಿ, ಮೂರನೇ ಜ್ವರದ ತನಕ ಏನೂ ಗೊತ್ತಾಗಲ್ಲ, ನಾಲ್ಕನೇ ಜ್ವರ ಎದ್ದ ಮೇಲೆ ಶುರುವಾಗುತ್ತೆ ನೋಡು ಅವುಗಳ ಊಟ, ಹುಟ್ಟಿದಾಗಿಂದ ತಿನ್ನೋದ್ರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಕೊನೇ ವಾರದಲ್ಲೇ. ಆ ಸಲ ಬಾವಿ ಬತ್ತಿತ್ತು, ತೋಟದಲ್ಲಿ ಸೊಪ್ಪು ಮುಗೀತು. ಅಕ್ಕಪಕ್ಕದವರ ಹತ್ರ ಕೇಳಿದ್ದಾಯ್ತು, ದುಬಾರಿ ಕೊಟ್ಟು ಎರಡು ಹೊರೆ ತಂದಿದ್ದಾಯ್ತು. ಹಸಿದ ಹುಳ ತಟ್ಟೆ ತುಂಬಾ ತಲೆ ಎತ್ತಿ ಆ ಕಡೆ ಈ ಕಡೆ ಆಡಿಸ್ತಾ ಸೊಪ್ಪು ಹುಡುಕ್ತವೆ, ಬೆರಳಿಟ್ರೆ ಬೆರಳಿಗೇ ಹತ್ತುತ್ತವೆ. ಕೊನೆಗೆ ಅರ್ಧ ತಟ್ಟೆಗಳನ್ನ ತಿಪ್ಪೆ ಗುಂಡಿಗೆ ಸುರಿದ್ರು. ಗುಂಡೀಲೂ ಅವು ತಲೆ ಆಡಿಸ್ತಾನೇ ಇದ್ವು, ನಾನು ನೋಡ್ದೆ. ತಾತ ಅವತ್ತು ರಾತ್ರಿ ಉಣ್ಣಲಿಲ್ಲ. ಆಮೇಲೆ ಯಾವ ಬೆಳೆಗೂ ತೋಟ ಪೂರ್ತಿ ಒಂದು ಸುತ್ತು ನಡೆದು ಸೊಪ್ಪು ನೋಡ್ದೆ ಮೊಟ್ಟೆಗೆ ಹೋದವರಲ್ಲ.

ಆ ಡಿಸೆಂಬರ್ ಶನಿವಾರ ನನಗೆ ನೆನಪಾಗಿದ್ದು ಆ ಗುಂಡಿ. ಆಗ ತಾತ ಸೊಪ್ಪು ನೋಡದೆ ಮೊಟ್ಟೆ ತಂದ್ರು, ಈಗ ನಾವು ಹಾವಿನ ಹೊಟ್ಟೆ ನೋಡದೆ ಇಲಿ ಹುಟ್ಟಿಸಿದೀವಿ.

ಇವತ್ತು ಬೆಳಿಗ್ಗೆ ಫ್ರೀಜರ್ ಪೂರ್ತಿ ತೆಗೆದು ಎಣಿಸಿದೆ, 41 ಇವೆ. ಉಂಡೆ ಇವತ್ತೇ ಊಟ ಶುರು ಮಾಡಿದ್ರೂ ಅದು 82 ವಾರದ ಊಟ. ವರ್ಷಗಟ್ಟಲೆ ಫ್ರೀಜರಲ್ಲಿಟ್ಟಿದ್ದು ಒಣಗಿ ಸತ್ವ ಹೋಗುತ್ತೆ, ಅದನ್ನ ಅವಳಿಗೆ ಕೊಡೋಕೂ ಮನಸ್ಸು ಬರಲ್ಲ.

ಇನ್ನು ಮಾರೋ ವಿಷಯ. ನಮ್ಮ ಮನೇಲಿ ನಾವು ಎಷ್ಟೇ ಕ್ಲೀನಾಗಿಟ್ರೂ ಇಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗೋದು ಚಿಕ್ಕ ಮಾತಲ್ಲ. 2017ರಲ್ಲಿ ಸಿಯೋಲ್ ವೈರಸ್ ಇಲಿನಾಯ್, ವಿಸ್ಕಾನ್ಸಿನಲ್ಲಿ ಮನೇಲೇ ಇಲಿ ಸಾಕೋರಿಗೆ ಬಂತಲ್ಲ, ಸಾಕೋರು ಒಬ್ಬರಿಗೊಬ್ರು ಇಲಿ ಕೊಟ್ಟು ತಗೊಂಡು ಬೇರೆ ರಾಜ್ಯಗಳಿಗೂ ಹೋಯ್ತು, ಆ ಇಲಿಗಳನ್ನ ನೋಡಿದ್ರೆ ಕಾಯಿಲೆ ಇದೆ ಅಂತಾನೇ ಗೊತ್ತಾಗಲ್ಲ. 2014ರಲ್ಲಿ ಹಾವಿಗೆ ಅಂತ ಮಾರಿದ ಫ್ರೀಜ್ ಮಾಡಿದ ಇಲಿಗಳಿಂದಾನೇ ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ರೋಗಾಣು ಹರಡಿತ್ತು. ಅದಕ್ಕೇ ಅಡುಗೆಮನೆ ಫ್ರೀಜರಲ್ಲಿ ಇಡೋಕೆ ನಾನು ಬಿಡದೆ ಬೇರೆ ಫ್ರೀಜರ್ ತರ್ಸಿದ್ದು. ನಿನ್ನ ಫ್ರೆಂಡ್ ರೂಮಿಗೆ ನಮ್ಮನೆ ಇಲಿ ಹೋಗಿ ಆ ಮಗುಗೆ ಜ್ವರ ಬಂದ್ರೆ ಅವರಮ್ಮನಿಗೆ ನಾನೇನು ಹೇಳ್ಲಿ. ದುಡ್ಡು ಬರುತ್ತೆ ಅಂತ ಶುರು ಮಾಡಿದ್ರೆ ಹುಟ್ಟಿಸೋದು ಇನ್ನೂ ಜಾಸ್ತಿ ಆಗುತ್ತೆ ಹೊರತು ಕಮ್ಮಿ ಆಗಲ್ಲ.

ಹಾಗಾಗಿ ನಾನು ಅಂದ್ಕೊಂಡಿರೋದು ಇಷ್ಟು. ಗಂಡಿಲೀನ ಡಿಸೆಂಬರ್ 26ಕ್ಕೇ ಬೇರೆ ಪಂಜರಕ್ಕೆ ಹಾಕಿದೀನಿ. ಇಲಿ ಒಂಟಿ ಇದ್ರೆ ಕೊರಗುತ್ತೆ, ಒಬ್ಬನನ್ನೇ ಹಾಗೆ ಇಡೋಕಾಗಲ್ಲ, ಅವನಿಗೆ ಆಪರೇಷನ್ ಮಾಡಿಸಿ, ಆಮೇಲೂ ಕೆಲವು ವಾರ ಮರಿ ಆಗೋ ಶಕ್ತಿ ಇರುತ್ತಂತೆ, ಒಂದು ತಿಂಗಳು ಕಾದು ವಾಪಸ್ ಹೆಣ್ಣುಗಳ ಜೊತೆ ಬಿಡ್ತೀನಿ. ಡಾಕ್ಟರ ಹತ್ರ ಮಾತಾಡಿದೀನಿ. ಆ ಐದು ಹೆಣ್ಣು ಇನ್ನು ಮರಿ ಹಾಕೋದು ಬೇಡ, ಇಲಿ ಬದುಕೋದೇ ಎರಡು ಮೂರು ವರ್ಷ, ಇರೋವರೆಗೂ ಇಲ್ಲೇ ಇರ್ಲಿ. ಹಾಸೋಕೆ ಅದೇ ಆಸ್ಪೆನ್ ಹೊಟ್ಟು ತರ್ತೀನಿ, ಪೈನ್ ಸೀಡರ್ ಬೇಡ ಅಂದಿದ್ದು ನೆನಪಿದೆ. ಉಚ್ಚೆ ವಾಸನೆ ಕಟ್ಟಿದ್ರೆ ಅವಕ್ಕೆ ಉಸಿರಾಟದ ತೊಂದ್ರೆ ಶುರುವಾಗುತ್ತೆ ಅಂತ ವಾರಕ್ಕೆರಡು ಸಲ ಬದಲಾಯಿಸ್ತೀನಿ, ಹುಳದ ಮನೇಲಿ ಬೆಳೆದೋಳಿಗೆ ಗಾಳಿ ಬೆಳಕು ಚೊಕ್ಕಟದ ಬಗ್ಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ. ಫ್ರೀಜರಲ್ಲಿರೋದ್ರಲ್ಲಿ ಚೆನ್ನಾಗಿರೋದು ಮುಗಿದ ಮೇಲೆ ಉಂಡೆಗೆ ಅಂಗಡಿಯಿಂದ ಲೆಕ್ಕ ಹಾಕಿ, ಎರಡು ತಿಂಗಳಿಗೆ ನಾಲ್ಕು ಅಂತ ತರೋಣ. ಸೇಂಟ್ ಲೂಯಿಸ್ ಝೂನಲ್ಲಿ ಒಂದು ಬಾಲ್ ಪೈಥಾನ್ 2020ರಲ್ಲಿ ಅರವತ್ತು ದಾಟಿದ ವಯಸ್ಸಲ್ಲಿ ಮೊಟ್ಟೆ ಇಟ್ಟಿತ್ತು ಅಂತ ನೀನೇ ಓದಿ ಹೇಳಿದ್ದೆ, ಉಂಡೆ ಇನ್ನೂ ಎಷ್ಟೋ ವರ್ಷ ನಿನ್ನ ಜೊತೆ ಇರೋಳು, ಅವಳ ಊಟಕ್ಕೆ ದಾರಿ ನಿಧಾನಕ್ಕೆ ಯೋಚಿಸಿ ಮಾಡ್ಕೋಬಹುದು.

ಹಾವು ನಿಂದು, ಇಲಿ ನಿಂದು, ಅದಕ್ಕೇ ನಿನ್ನ ಕೇಳ್ತಾ ಇದೀನಿ. ಬೇರೆ ಏನಾದ್ರೂ ಅನ್ನಿಸಿದ್ರೆ ಹೇಳು, ಕೇಳ್ತೀನಿ. ಆದ್ರೆ ಶನಿವಾರದ ಆ ಕೆಲಸ ಬೇಕಾಗಿದ್ದಕ್ಕಿಂತ ಒಂದು ಜೀವ ಜಾಸ್ತಿಗೂ ಇನ್ನು ನಾನು ಮಾಡಲ್ಲ.

ಒಂದು ಮಾತ್ರ ಉಳಿದಿದೆ. ತಲೆ ಕಪ್ಪಗಿದೆಯಲ್ಲ, ಬೆನ್ನ ಮೇಲೆ ಪಟ್ಟೆ ಇರೋ ಹೆಣ್ಣಿಲಿ, ಅದು ಗಂಡಿಲೀನ ಬೇರೆ ಮಾಡೋ ಹೊತ್ತಿಗೆ ಗಬ್ಬ ಆಗಿಬಿಟ್ಟಿತ್ತು. 23 ದಿನ ಲೆಕ್ಕ ಹಾಕಿದ್ರೆ 18ನೇ ತಾರೀಕಿನ ಒಳಗೆ ಹಾಕ್ಬೇಕು. ಈ ಮರಿಗಳನ್ನ ಫ್ರೀಜರ್‌ಗೆ ಕಳಿಸಲ್ಲ, ಗಂಡು ಹೆಣ್ಣು ಈ ಸಲ ನಾಲ್ಕನೇ ವಾರಕ್ಕೇ ಬೇರೆ ಮಾಡಿ ಸಾಕ್ಕೊಳ್ತೀನಿ, ಎಷ್ಟಾದ್ರೂ ಆಗ್ಲಿ. ನಾನು ಇದನ್ನ ಬರೀತಾ ಇರೋವಾಗ್ಲೇ ಅದು ಟಿಶ್ಯೂ ಪೇಪರ್ ಹರಿದು ಹರಿದು ಮೂಲೆಗೆ ಒಯ್ತಾ ಇದೆ, ಮಧ್ಯಾಹ್ನದಿಂದ ನಿಂತೇ ಇಲ್ಲ. ಇವತ್ತು ರಾತ್ರೀನೇ ಆಗ್ಬಹುದು. ಬೆಳಿಗ್ಗೆ ಇಳಿದು ಬಂದು ಹೊಟ್ಟೇಲಿ ಪಟ್ಟೆ ಎಷ್ಟಕ್ಕಿದೆ ಅಂತ ನೋಡಿ ಮೆಸೇಜ್ ಹಾಕ್ತೀನಿ.

ಸ್ವೆಟರ್ ಹಾಕ್ಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಮ್ಮ