ಸ್ಟ್ರಾಟ್‌ಫರ್ಡ್ ಗ್ರಾಮರ್ ಶಾಲೆಯ ಬಗ್ಗೆ ಪೋಷಕರಿಗೆ ಪತ್ರ

ಆತ್ಮೀಯ ಪೋಷಕರೇ,

ನಮಸ್ಕಾರ. ಇಯರ್ ಫೈವ್, ಅಂದರೆ ಒಂಬತ್ತು-ಹತ್ತು ವರ್ಷದ, ಮಕ್ಕಳ ಅಪ್ಪ ಅಮ್ಮಂದಿರ ಬಾಯಲ್ಲಿ ಈಗ ಇಲೆವೆನ್ ಪ್ಲಸ್ ಬಿಟ್ಟರೆ ಬೇರೆ ಮಾತಿಲ್ಲ. ಪರೀಕ್ಷೆಯ ಮೂಲಕ ಮಕ್ಕಳನ್ನು ಆರಿಸಿಕೊಳ್ಳುವ ಸರ್ಕಾರಿ ಶಾಲೆಗಳಾದ ಗ್ರಾಮರ್ ಶಾಲೆಗಳ ಪ್ರವೇಶ ಪರೀಕ್ಷೆ ಅದು. ಭಾನುವಾರ ಕನ್ನಡ ತರಗತಿ ಮುಗಿಯುವ ಹೊತ್ತಿಗೆ ಹಲವರು ನನ್ನನ್ನು ಕೇಳುವುದು ಷೇಕ್ಸ್‌ಪಿಯರನ ಊರಾದ ಸ್ಟ್ರಾಟ್‌ಫರ್ಡ್‌ನ ಕಿಂಗ್ ಎಡ್ವರ್ಡ್ ಹುಡುಗರ ಗ್ರಾಮರ್ ಶಾಲೆಯ ಬಗ್ಗೆ. ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ಯುವ ಯೋಚನೆಯೂ ಇದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಷೇಕ್ಸ್‌ಪಿಯರ್ ಓದಿದ ಶಾಲೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಅವನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಅಲ್ಲಿ ಪಾಠ ನಡೆಯುತ್ತಿತ್ತು. 1295ರ ಒಂದು ದಾಖಲೆಯಲ್ಲೇ ಆ ಊರಿನ ಮೇಷ್ಟ್ರ ಹೆಸರು ಸಿಗುತ್ತದೆ. ಊರಿನವರೇ ಸೇರಿ ಕಟ್ಟಿಕೊಂಡಿದ್ದ ಹೋಲಿ ಕ್ರಾಸ್ ಗಿಲ್ಡ್ ಎಂಬ ಧಾರ್ಮಿಕ ಸಂಘ ಶಾಲೆಯನ್ನು ನೋಡಿಕೊಳ್ಳುತ್ತಿತ್ತು. 1482ರಲ್ಲಿ ಥಾಮಸ್ ಜಾಲಿಫ್ ಎಂಬ ಪಾದ್ರಿ ತನ್ನ ಆಸ್ತಿ ಬರೆದುಕೊಟ್ಟ. ಅವನ ಷರತ್ತು ಇಷ್ಟೇ: ಕಲಿಯಲು ಬಂದ ಹುಡುಗರಿಂದ ದುಡ್ಡು ಕೇಳಬಾರದು.

1547ರಲ್ಲಿ ಸರ್ಕಾರ ಗಿಲ್ಡನ್ನು ಮುಚ್ಚಿತು. ಶಾಲೆಗೆ ಆಸರೆ ತಪ್ಪಿತು. ಊರಿನವರು ಬಿಡಲಿಲ್ಲ. 1553ರ ಜೂನ್‌ನಲ್ಲಿ ಆರನೇ ಎಡ್ವರ್ಡ್ ರಾಜನಿಂದ ಸನ್ನದು ಪಡೆದರು. ಹದಿನೈದು ವರ್ಷದ ಆ ರಾಜ ಕೆಲವೇ ದಿನಗಳಲ್ಲಿ ತೀರಿಕೊಂಡ. ಇನ್ನಷ್ಟು ತಡವಾಗಿದ್ದರೆ ಏನಾಗುತ್ತಿತ್ತೋ! ಮೇಷ್ಟ್ರಿಗೆ ವರ್ಷಕ್ಕೆ 20 ಪೌಂಡ್ ಸಂಬಳ, ಇರಲು ಮನೆ. ಆ ಕಾಲಕ್ಕೆ ಅದು ಒಳ್ಳೆಯ ಸಂಬಳ. ಆಕ್ಸ್‌ಫರ್ಡ್‌ನಲ್ಲಿ ಓದಿದವರು ಈ ಸಣ್ಣ ಪೇಟೆಗೆ ಪಾಠ ಹೇಳಲು ಬರುತ್ತಿದ್ದರು. ನನ್ನ ಪ್ರಕಾರ ಶಾಲೆಯ ಹೆಸರಿಗೆ ಬುನಾದಿ ಬಿದ್ದದ್ದು ಇಲ್ಲೇ.

ಷೇಕ್ಸ್‌ಪಿಯರನ ತಂದೆ ಕೈಗವಸು, ಅಂದರೆ ಗ್ಲೌಸ್, ಹೊಲಿಯುವ ಕಸುಬಿನವನು. 1568ರಲ್ಲಿ ಊರಿನ ಮುಖ್ಯಸ್ಥನೂ ಆದ. ಆದರೂ ಕಾಗದಪತ್ರಗಳಲ್ಲಿ ಸಹಿಯ ಜಾಗದಲ್ಲಿ ಒಂದು ಗುರುತು ಹಾಕುತ್ತಿದ್ದ, ಅಷ್ಟೇ. ಅಂಥವನ ಮಗ ಬಿಟ್ಟಿಯಾಗಿ ಲ್ಯಾಟಿನ್ ಕಲಿತ. ಆ ಕಾಲದ ಹಾಜರಿ ಪುಸ್ತಕ ಉಳಿದಿಲ್ಲ. ಆದರೂ ಅವನು ಬೇರೆಲ್ಲಿ ಓದಿರಲು ಸಾಧ್ಯ? ಚರ್ಚ್ ಸ್ಟ್ರೀಟ್‌ನ ಹಳೆಯ ಗಿಲ್ಡ್‌ಹಾಲ್‌ನಲ್ಲಿ ಮಹಡಿ ಮೇಲೆ ಶಾಲೆ ನಡೆಯುತ್ತಿತ್ತು. ಕೆಳಗಿನ ಹಾಲ್‌ನಲ್ಲಿ ಊರೂರು ತಿರುಗುವ ನಾಟಕದವರು ಆಡುತ್ತಿದ್ದರು. ದಪ್ಪ ಮರದ ತೊಲೆಗಳ ಆ ಕೊಠಡಿಯನ್ನು ಶಾಲೆಯವರು ಇಂದಿಗೂ ಬಳಸುತ್ತಾರೆ. 2016ರಿಂದ ಸಾರ್ವಜನಿಕರೂ ನೋಡಬಹುದು.

ಈಗಲೂ ಅಲ್ಲಿ ಫೀಸಿಲ್ಲ. ಇಂಗ್ಲೆಂಡಿನ ಬಹುತೇಕ ಗ್ರಾಮರ್ ಶಾಲೆಗಳು 1965ರ ನಂತರ ಎಲ್ಲರಿಗೂ ತೆರೆದ ಕಾಂಪ್ರಹೆನ್ಸಿವ್ ಶಾಲೆಗಳಾದವು. ಉಳಿದಿರುವುದು 163. ಇಷ್ಟೊಂದು ಪೈಪೋಟಿ ಇರುವುದು ಅದಕ್ಕೇ. 2013ರಿಂದ ಸಿಕ್ಸ್ತ್ ಫಾರ್ಮ್‌ಗೆ, ಅಂದರೆ ಶಾಲೆಯ ಕೊನೆಯ ಎರಡು ವರ್ಷಗಳಿಗೆ, ಹುಡುಗಿಯರನ್ನೂ ಸೇರಿಸಿಕೊಳ್ಳುತ್ತಿದ್ದಾರೆ. ಸ್ಟ್ರಾಟ್‌ಫರ್ಡ್‌ಗೆ ಸೇರಿದ ಶಾಟರಿಯಲ್ಲಿ ಹುಡುಗಿಯರಿಗೇ ಬೇರೆ ಗ್ರಾಮರ್ ಶಾಲೆಯಿದೆ.

ಈಗ ನನ್ನ ಮನಸ್ಸಿನ ಮಾತು. ಟ್ಯೂಷನ್‌ಗೆ ಸಮಯ ಸಾಲದು ಎಂದು ಪ್ರತಿ ವರ್ಷ ಕೆಲವರು ಮಕ್ಕಳನ್ನು ಕನ್ನಡ ತರಗತಿಯಿಂದ ಬಿಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಕಾಲದ ಗ್ರಾಮರ್ ಶಾಲೆಗಳಲ್ಲಿ ಹುಡುಗರು ಲ್ಯಾಟಿನ್ ಸಾಲನ್ನು ಇಂಗ್ಲಿಷಿಗೆ ತಂದು, ಮತ್ತೆ ಅದನ್ನು ಲ್ಯಾಟಿನ್‌ಗೆ ತಿರುಗಿಸುತ್ತಿದ್ದರು. ಎರಡು ಭಾಷೆಯ ನಡುವೆ ಓಡಾಡಿಯೇ ಅವರ ಮಾತು ಪಳಗಿತು. ಊರಿನ ಅಜ್ಜಿಯ ಜೊತೆ ಫೋನಿನಲ್ಲಿ ಕನ್ನಡ ಮಾತಾಡಿ, ಮರುಕ್ಷಣ ತಮ್ಮನಿಗೆ ಇಂಗ್ಲಿಷಿನಲ್ಲಿ ಅದನ್ನೇ ಹೇಳುವ ನಮ್ಮ ಮಕ್ಕಳು ಮಾಡುತ್ತಿರುವುದೂ ಅದನ್ನೇ ಅಲ್ವಾ? ವಾರಕ್ಕೊಂದು ಬೆಳಗ್ಗೆ ಕನ್ನಡಕ್ಕೆ ಕೊಟ್ಟರೆ ಪರೀಕ್ಷೆ ಕೆಡುವುದಿಲ್ಲ. ಸೀಟು ಸಿಗದಿದ್ದರೆ ಮಗು ಸೋತಿತು ಅಂತಲೂ ಅಲ್ಲ. ಮನೆಯಲ್ಲಿ ಅದರ ಎದುರು ಹಾಗೆ ಮಾತಾಡಬೇಡಿ.

ಪ್ರವಾಸಕ್ಕೆ ಬರುವವರು ಒಪ್ಪಿಗೆ ಪತ್ರವನ್ನು ಮುಂದಿನ ಭಾನುವಾರ ಮಕ್ಕಳ ಕೈಯಲ್ಲಿ ಕಳಿಸಿ. ಟಿಕೆಟ್ ಮುಂಚೆಯೇ ಕಾಯ್ದಿರಿಸಬೇಕು. ಊಟಕ್ಕೆ ಚಿತ್ರಾನ್ನ, ಮೊಸರನ್ನ ಕಟ್ಟಿಕೊಟ್ಟರೆ ಸಾಕು.

ಇತಿ ನಿಮ್ಮ,
ಮುಖ್ಯ ಶಿಕ್ಷಕ, ಭಾನುವಾರದ ಕನ್ನಡ ಶಾಲೆ