ರಾತ್ರಿ ಸದ್ದಾದರೆ ಹೊರಗೆ ಹೋಗಬೇಡಿ, ಅಪ್ಪ

ಮಿಸ್ಸಿಸಾಗಾ, ಒಂಟಾರಿಯೊ, ಕೆನಡಾ
ಮಾರ್ಚ್ 2025

ಅಪ್ಪ, ಅಮ್ಮ, ಇಬ್ಬರಿಗೂ ನಮಸ್ಕಾರ.

ಅಮ್ಮ, ಭಾನುವಾರ ಫೋನಿನಲ್ಲಿ ನೀನು "ಮೇ ತಿಂಗಳಲ್ಲಿ ಬರೋದು ಬೇಡ ಅನ್ಸುತ್ತೆ ಕಣೆ" ಅಂದೆಯಲ್ಲ, ಆಮೇಲೆ ನನಗೆ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ. ಮುಸುಕು ಹಾಕಿದವರು ಟೊರೊಂಟೊ ಕಡೆಯ ಮನೆಯೊಂದರ ಬಾಗಿಲು ಒದೆಯುವ ವಿಡಿಯೊ ಯಾರೋ ಕಳಿಸಿದ್ದಾರೆ. ಅದು ಸುಳ್ಳು ಅಂತ ನಾನು ಹೇಳುವುದಿಲ್ಲ, ಅಂಥದ್ದು ಇಲ್ಲಿ ನಡೆದಿದೆ. ನಮ್ಮ ಬೀದಿಯಲ್ಲಿ ಏನಾಗಿದೆ, ಏನಾಗಿಲ್ಲ ಅನ್ನುವುದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಓದಿ ಆಮೇಲೆ ತೀರ್ಮಾನ ಮಾಡಿ.

ಫೆಬ್ರವರಿಯಲ್ಲಿ ಎದುರು ಮನೆಯವರ ಕಾರು ಹೋಯಿತು. ನಡುರಾತ್ರಿವರೆಗೆ ಹಿಮ ಬಿದ್ದು ನಿಂತಿತ್ತು. ಬೆಳಿಗ್ಗೆ ಪುಟ್ಟಿಗೆ ಸ್ವೆಟರ್ ಹಾಕುತ್ತ ಕಿಟಕಿಯಿಂದ ನೋಡಿದರೆ ಅವರ ಮನೆ ಮುಂದೆ ಎಲ್ಲ ಬೆಳ್ಳಗೆ, ನಡುವೆ ಒಂದು ಕಾರಿನಷ್ಟು ಉದ್ದ, ಒಂದು ಕಾರಿನಷ್ಟು ಅಗಲ ಕರಿ ಡಾಂಬರು. ಅಲ್ಲಿಂದ ರಸ್ತೆಯವರೆಗೆ ಎರಡು ಚಕ್ರದ ಗೆರೆ. ಮುಂಬಾಗಿಲ ತನಕ ಬೂಟಿನ ಗುರುತು ಬಂದು, ಅಲ್ಲಿ ಸ್ವಲ್ಪ ತುಳಿದಾಡಿ, ತಿರುಗಿ ಹೋಗಿತ್ತು. ಗಾಜು ಒಡೆದಿರಲಿಲ್ಲ, ಬೀಗ ಮುರಿದಿರಲಿಲ್ಲ. ಆ ಮನೆಯ ಅಜ್ಜಿ ನೈಟಿ ಮೇಲೆ ಕೋಟು ಹಾಕಿಕೊಂಡು ಆ ಖಾಲಿ ಜಾಗವನ್ನೇ ನೋಡುತ್ತ ನಿಂತಿದ್ದರು. ನಾನು ಹೋಗಿ ಕೈ ಹಿಡಿದುಕೊಂಡೆ. ಐದು ವರ್ಷ ಎದುರುಬದುರು ಇದ್ದೂ ಅವರ ಜೊತೆ ಕೂತು ಕಾಫಿ ಕುಡಿದದ್ದು ಅವತ್ತೇ ಮೊದಲು.

ಬೀಗ ಮುರಿಯದೆ ಹೇಗೆ ಅಂತ ಅಪ್ಪ ಕೇಳೇ ಕೇಳುತ್ತಾರೆ. ಈಗಿನ ಕಾರಿನ ಕೀ ಕಿಸೆಯಲ್ಲಿದ್ದರೆ ಸಾಕು, ಅದರ ಸಿಗ್ನಲ್ ಹಿಡಿದು ಕಾರು ತೆರೆದುಕೊಳ್ಳುತ್ತದೆ. ಕೀ ಬಾಗಿಲ ಪಕ್ಕದ ಮೊಳೆಗೆ ನೇತು ಹಾಕಿದ್ದರೆ, ಒಬ್ಬ ಹೊರಗೆ ಆಂಟೆನಾ ಹಿಡಿದು ನಿಂತು ಆ ಸಿಗ್ನಲ್ಲನ್ನು ದೊಡ್ಡದು ಮಾಡಿ ಕಾರಿನ ಹತ್ತಿರ ಇರುವವನಿಗೆ ದಾಟಿಸುತ್ತಾನೆ. ಕೀ ಪಕ್ಕದಲ್ಲೇ ಇದೆ ಅಂತ ಕಾರು ತಿಳಿಯುತ್ತದೆ. ಬೂಟಿನ ಗುರುತು ಬಾಗಿಲ ಹತ್ತಿರ ಇದ್ದದ್ದು ಅದಕ್ಕೇ ಇರಬೇಕು. ಹಾಗಲ್ಲದಿದ್ದರೆ ಮೆಕ್ಯಾನಿಕ್ ತಪಾಸಣೆಗೆ ಅಂತ ಸ್ಟೀರಿಂಗ್ ಕೆಳಗೆ ಇರುವ ಪೋರ್ಟಿಗೆ ಸಾಧನ ಚುಚ್ಚಿ ಹೊಸ ಕೀಯನ್ನೇ ಹೊಂದಿಸಿಕೊಳ್ಳುತ್ತಾರೆ. ಎಲ್ಲ ಕೆಲವೇ ನಿಮಿಷದ ಕೆಲಸ.

ಕದ್ದ ಕಾರನ್ನು ಒಂದೆರಡು ದಿನ ಎಲ್ಲೋ ನಿಲ್ಲಿಸಿ ಯಾರಾದರೂ ಹುಡುಕಿ ಬರುತ್ತಾರಾ ಅಂತ ಕಾಯುತ್ತಾರೆ. ಬರದಿದ್ದರೆ ಕಂಟೇನರಿಗೆ ಹಾಕಿ, ಸುಳ್ಳು ಕಾಗದ ಮಾಡಿ, ಮಾಂಟ್ರಿಯಲ್ ಬಂದರಿನಿಂದ ಪಶ್ಚಿಮ ಆಫ್ರಿಕಾಕ್ಕೋ ಮಧ್ಯಪ್ರಾಚ್ಯಕ್ಕೋ ಸಾಗಿಸುತ್ತಾರೆ. ಹೋದ ವರ್ಷ ಏಪ್ರಿಲ್‌ನಲ್ಲಿ ಪೊಲೀಸರು ಆ ಬಂದರಿನಲ್ಲಿ 598 ಕದ್ದ ಕಾರು ಹಿಡಿದದ್ದಾಗಿ ಪ್ರಕಟಿಸಿದರು. ಹೆಚ್ಚಿನವು ನಮ್ಮ ಒಂಟಾರಿಯೊದವೇ.

ಅಪ್ಪ, ನಿಮಗೆ ಇದು ಬೇಗ ಅರ್ಥವಾಗುತ್ತದೆ. ಅಡಿಕೆ ಕ್ವಿಂಟಾಲಿಗೆ ಐವತ್ತು ಸಾವಿರ ದಾಟಿದಾಗಲೇ ಅಲ್ಲವೇ ನಮ್ಮ ಕಡೆ ಅಂಗಳದ ಅಡಿಕೆಗೂ ಮರದ ಮೇಲಿನ ಗೊನೆಗೂ ಕಾವಲು ಬೇಕಾದದ್ದು? ಊರಿನ ಜನ ಕೆಟ್ಟುಹೋದರು ಅಂತ ಯಾರೂ ಅನ್ನಲಿಲ್ಲ. ಕಳ್ಳ ಬೆಲೆ ನೋಡಿ ಬಂದ. ಇಲ್ಲೂ ಹಾಗೆಯೇ. ಹೊಸ ಕಾರಿಗೆ ದೂರದ ದೇಶದಲ್ಲಿ ಗಿರಾಕಿ ಇದ್ದಾನೆ, ನಮ್ಮಂಥ ಬಡಾವಣೆಯಲ್ಲಿ ಕಾಂಪೌಂಡು ಗೇಟು ಏನೂ ಇಲ್ಲದೆ ಪ್ರತಿ ಮನೆ ಮುಂದೆ ಎರಡೆರಡು ಕಾರು ನಿಂತಿರುತ್ತವೆ. ಹಾಗಂತ ಇದು ಪುಂಡರ ಬೀದಿಯಲ್ಲ. ಕತ್ತಲಾದ ಮೇಲೂ ನಾನು ಬಸ್ಸಿಳಿದು ಒಬ್ಬಳೇ ನಡೆದು ಬರುತ್ತೇನೆ.

ಲೆಕ್ಕ ಬೇಕಾದರೆ, ವಿಮಾ ಕಂಪನಿಗಳ ಪರವಾಗಿ ಇದನ್ನೇ ನೋಡುವ ಎಕ್ವಿಟೆ ಎಂಬ ಸಂಸ್ಥೆಯ ಪ್ರಕಾರ 2023ರಲ್ಲಿ ಇಡೀ ಕೆನಡಾದಲ್ಲಿ ಎಪ್ಪತ್ತು ಸಾವಿರದಷ್ಟು ಖಾಸಗಿ ವಾಹನ ಕಳವಾಗಿದ್ದವು, 2024ರಲ್ಲಿ ಅದು ಐವತ್ತೇಳು ಸಾವಿರಕ್ಕೆ ಇಳಿಯಿತು. ಆ ವರ್ಷದ ಫೆಬ್ರವರಿಯಲ್ಲಿ ಪ್ರಧಾನಿ, ಪೊಲೀಸರು, ಬಂದರಿನವರು ಎಲ್ಲ ರಾಜಧಾನಿ ಒಟ್ಟಾವಾದಲ್ಲಿ ಕೂತು ಮಾತಾಡಿದ ಮೇಲೆ ತಪಾಸಣೆ ಬಿಗಿಯಾಯಿತು. ಇಳಿದದ್ದು ಸಂತೋಷ. ಆದರೆ ಎದುರು ಮನೆಯ ಅಜ್ಜಿಗೆ ಆ ಇಳಿಕೆಯಿಂದ ಏನು ಸಮಾಧಾನ?

ನಿಜವಾಗಿ ನನಗೆ ಹೆದರಿಕೆ ಇರುವುದು ಬೇರೆ ಕಡೆ. ಸಿಗ್ನಲ್ ಸಿಗದಿದ್ದಾಗ ಕೆಲವರು ಕೀಗಾಗಿಯೇ ಮನೆಯೊಳಗೆ ನುಗ್ಗುತ್ತಾರೆ. ನೀನು ನೋಡಿದ್ದು ಅದು, ಅಮ್ಮ. ಹೋದ ವರ್ಷ ಟೊರೊಂಟೊದ ಪೊಲೀಸ್ ಅಧಿಕಾರಿಯೊಬ್ಬರು ಜನರ ಸಭೆಯಲ್ಲಿ, ಕಳ್ಳರು ನಿಮ್ಮನ್ನು ಹುಡುಕಿಕೊಂಡು ಒಳಗೆ ಬರದಿರಲಿ ಅಂದರೆ ಕೀಯನ್ನು ಮುಂಬಾಗಿಲ ಹತ್ತಿರವೇ ಇಡಿ ಅಂದಿದ್ದರು. ಊರೆಲ್ಲ ಸಿಟ್ಟಾಯಿತು, ನನಗೂ ಬಂತು. ಕಾಯಬೇಕಾದವರೇ ಒಪ್ಪಿಸಿಬಿಡಿ ಅಂದರೆ ಹೇಗೆ? ಆದರೆ ಪುಟ್ಟಿ ಮಲಗಿದ್ದನ್ನು ನೋಡಿದಾಗ ಅವರು ಯಾಕೆ ಹಾಗಂದರು ಅನ್ನುವುದೂ ಗೊತ್ತಾಗುತ್ತದೆ.

ನಾವು ಕಾರನ್ನು ಈಗ ಗ್ಯಾರೇಜಿನೊಳಗೆ ಇಡುತ್ತೇವೆ, ಸ್ಟೀರಿಂಗಿಗೆ ಕಬ್ಬಿಣದ ಲಾಕು ಹಾಕುತ್ತೇವೆ. ಕೀಗಳು, ಅಮ್ಮ, ನೀನು ಚಟ್ನಿಪುಡಿ ತುಂಬಿ ಕೊಟ್ಟಿದ್ದೆಯಲ್ಲ, ಆ ಸ್ಟೀಲ್ ಡಬ್ಬಿಯಲ್ಲಿವೆ. ಮುಚ್ಚಳ ಬಿಗಿ ಇದ್ದರೆ ಸಿಗ್ನಲ್ ಹೊರಗೆ ಬರುವುದಿಲ್ಲ. ಡಬ್ಬಿಯನ್ನು ಕಾರಿಗೆ ತಾಗಿಸಿಕೊಂಡು ನಿಂತು ಹಿಡಿಕೆ ಎಳೆದು ನೋಡಿದೆವು, ತೆರೆಯಲಿಲ್ಲ. ಕೀಗೆ ಇನ್ನೂ ಇಂಗಿನ ವಾಸನೆ ಇದೆ.

ಕಾರಿಗಿಂತ ನಿಮಗೆ ಬೇಕಾದ ಎಚ್ಚರ ಇನ್ನೊಂದಿದೆ. ಹಗಲಿನಲ್ಲಿ ವಾಕಿಂಗ್ ಹೋಗುವ ನಮ್ಮ ಕಡೆಯ ಹಿರಿಯರ ಪಕ್ಕ ಕಾರು ನಿಲ್ಲಿಸಿ, ದಾರಿ ಕೇಳಿ, ಕಾಲಿಗೆ ಬಿದ್ದು, "ನಮ್ಮ ತಾಯಿಯ ಹಾಗಿದ್ದೀರಿ" ಅಂತ ಕೊರಳಿಗೆ ನಕಲಿ ಸರ ಹಾಕಿ ಅಸಲಿಯನ್ನು ಬಿಚ್ಚಿಕೊಂಡು ಹೋಗುವವರಿದ್ದಾರೆ. ಪೊಲೀಸರು ಮತ್ತೆ ಮತ್ತೆ ಎಚ್ಚರಿಸುತ್ತಲೇ ಇದ್ದಾರೆ. ನಾಲ್ಕೆಳೆ ಸರ, ಬಳೆ ಬ್ಯಾಂಕಿನಲ್ಲಿಟ್ಟು ಬಾ. ಕರಿಮಣಿ ಸಾಕು. ಕಾರು ನಿಂತರೆ ಹತ್ತಿರ ಹೋಗಬೇಡ, ಎಷ್ಟು ಸಣ್ಣ ಹುಡುಗಿಯಿದ್ದರೂ ಸರಿ.

ಅಪ್ಪ, ಈಗ ನಿಮ್ಮ ಮಾತು. ಈ ಕಾಗದ ಬರೆದದ್ದೇ ಇದಕ್ಕೆ. ಅಡಿಕೆ ಒಣಗಿಸುವ ದಿನಗಳಲ್ಲಿ ನೀವು ಅಂಗಳದಲ್ಲಿ ಕಂಬಳಿ ಹೊದ್ದು, ಬ್ಯಾಟರಿ ತಲೆಯ ಹತ್ತಿರ ಇಟ್ಟು ಮಲಗುತ್ತಿದ್ದಿರಿ. ಎಲೆ ಬಿದ್ದ ಸದ್ದಿಗೆ "ಯಾರದು!" ಅಂತ ಎದ್ದು ನಿಲ್ಲುತ್ತಿದ್ದಿರಿ. ಆ ದನಿ ಕೇಳಿಯೇ ನಾವು ಒಳಗೆ ನಿದ್ದೆ ಮಾಡುತ್ತಿದ್ದೆವು. ಇಲ್ಲಿ ಮಾತ್ರ ಹಾಗೆ ಏಳಬೇಡಿ. ಬರುವವರ ಕೈಯಲ್ಲಿ ಬಂದೂಕು ಇದ್ದೀತು. ಸದ್ದಾದರೆ ಬಾಗಿಲು ತೆಗೆಯಬೇಡಿ, ದೀಪ ಹಾಕಿ, ನನ್ನ ಕೋಣೆ ಬಾಗಿಲು ತಟ್ಟಿ. ಪೊಲೀಸರನ್ನು ಕರೆಯುವ ನಂಬರು 911ಕ್ಕೆ ನಾನು ಫೋನ್ ಮಾಡುತ್ತೇನೆ. ಕಾರು ಹೋದರೆ ಹೋಗಲಿ, ವಿಮೆ ಇದೆ.

ಇದಕ್ಕೊಂದು ಹೂಂ ಅನ್ನಿ. ನಿಮ್ಮ ಕೋಣೆ ಮಹಡಿಯ ಮೇಲೆ, ನಮ್ಮ ಪಕ್ಕದಲ್ಲೇ. ಪುಟ್ಟಿ ಆಗಲೇ ತನ್ನ ಗೊಂಬೆಗಳನ್ನು ಅಲ್ಲಿಂದ ತೆಗೆದು ಅಜ್ಜನ ಮಂಚಕ್ಕೆ ಜಾಗ ಮಾಡಿದ್ದಾಳೆ.

ನಿಮ್ಮ ಮಗಳು