ಗೋಳಗುಮ್ಮಟದಲ್ಲಿ ಹತ್ತು ನಿಮಿಷ ಸುಮ್ಮನಿರೋಕೆ ಆಗಲ್ವಾ?

ಮಾನ್ಯ ಸಂಪಾದಕರೇ,

ಕಳೆದ ಡಿಸೆಂಬರ್‌ನಲ್ಲಿ ಅಪ್ಪನ್ನ ಕರ್ಕೊಂಡು ವಿಜಯಪುರಕ್ಕೆ ಹೋಗಿದ್ದೆ. ನಮ್ದು ಹಾಸನದ ಕಡೆ. ಅಪ್ಪಂಗೆ 72 ವರ್ಷ, ಕಣ್ಣು ತುಂಬಾ ಮಂಜಾಗಿದೆ, ಆದ್ರೆ ಕಿವಿ ಮಾತ್ರ ಇವತ್ತಿಗೂ ಚುರುಕು. ಗೋಳಗುಮ್ಮಟದಲ್ಲಿ ಒಂದು ಸಲ ಕೂಗಿದ್ರೆ ಏಳು ಸಲ ಕೇಳ್ಸುತ್ತಂತೆ ಅಂತ ನಾನು ಚಿಕ್ಕವನಿದ್ದಾಗಿಂದ ಹೇಳ್ತಾನೇ ಬಂದಿದ್ರು, ಒಂದು ಸಲನೂ ಹೋಗಿರ್ಲಿಲ್ಲ. ಇನ್ನೂ ಲೇಟ್ ಮಾಡೋದು ಬೇಡ ಅಂತ ಹೊರಟ್ವಿ.

ಮೂಲೆಯ ಗೋಪುರದೊಳಗಿನ ಮೆಟ್ಟಿಲು ಇಕ್ಕಟ್ಟು, ಕತ್ತಲೆ ಬೇರೆ, ಏಳು ಅಂತಸ್ತು. ಅಪ್ಪ ಪ್ರತಿ ಅಂತಸ್ತಿಗೂ ಕೂತು ಸುಧಾರಿಸ್ಕೊಂಡು ನನ್ನ ಭುಜ ಹಿಡ್ಕೊಂಡು ಹತ್ತಿದ್ರು. ಮೇಲೆ ಹೋಗಿ ಗುಮ್ಮಟದ ಒಳಗೆ ಕಾಲಿಟ್ರೆ ಕಿವಿ ಮುಚ್ಕೊಳ್ಳೋ ಹಾಗಾಯ್ತು. ಮೂರು ನಾಲ್ಕು ಬಸ್ಸಿನ ಮಕ್ಕಳು, ಜೊತೆಗೆ ದೊಡ್ಡವ್ರೂ, ಎಲ್ಲಾ ಸೇರಿ ಕಿರುಚ್ತಾ ಇದ್ರು, ಸಿಳ್ಳೆ ಹೊಡೀತಿದ್ರು, ಅದನ್ನ ನಿಲ್ಸೋಕೆ ಕಾವಲುಗಾರರು ಊದಿದ ವಿಷಲ್ಲೂ ಏಳೇಳು ಸಲ ವಾಪಸ್ ಬಂದು ಗದ್ದಲ ಇನ್ನೂ ಜಾಸ್ತಿ ಆಗ್ತಿತ್ತು. ಐದು ನಿಮಿಷ ನಿಂತು ಅಪ್ಪ "ಸಾಕು ಕಣೋ, ಇಳಿಯೋಣ" ಅಂದ್ರು. ಅವ್ರು ಕಣ್ಣಿಂದ ನೋಡೋಕೆ ಬಂದಿರ್ಲಿಲ್ಲ ಸಾರ್, ಕೇಳೋಕೆ ಬಂದಿದ್ರು.

ಅದು ಎಂಥಾ ಕಟ್ಟಡ ಅಂತ ಸ್ವಲ್ಪ ಹೇಳ್ಬೇಕು. 1656ರಲ್ಲಿ ತೀರ್ಕೊಂಡ ಮೊಹಮ್ಮದ್ ಆದಿಲ್ ಶಾಹನ ಸಮಾಧಿ ಅದು. ಕೆಳಗೆ ಚೌಕದ ಹಾಲು, ಮೇಲೆ ಹೊರಗಡೆಯಿಂದ ಸುಮಾರು 44 ಮೀಟರ್ ಅಗಲದ ಗುಮ್ಮಟ, ನಡುವೆ ಒಂದೇ ಒಂದು ಕಂಬ ಇಲ್ಲ. ಎಂಟು ಕಮಾನುಗಳು ಒಂದಕ್ಕೊಂದು ಅಡ್ಡ ಹಾಯ್ದು ಆ ಚೌಕನ ನಿಧಾನಕ್ಕೆ ದುಂಡಗೆ ತಿರುಗಿಸಿ, ಗುಮ್ಮಟದ ಭಾರ ಗೋಡೆನ ಆಚೆ ತಳ್ಳದ ಹಾಗೆ ಹಿಡ್ಕೊಂಡಿವೆ. ಗುಮ್ಮಟದ ಬುಡದಲ್ಲಿ ಒಳಗಡೆ ಸುತ್ತಲೂ ಇರೋದೇ ಪಿಸುಗುಟ್ಟೋ ಗ್ಯಾಲರಿ. ದುಂಡನೆ ಗೋಡೆ ಸದ್ದನ್ನ ಚೆದುರೋಕೆ ಬಿಡದೆ ಆಚೆ ಕಡೆಗೆ ಸಾಗಿಸುತ್ತೆ, ಅದಕ್ಕೇ ಅಲ್ಲಿ ಕೂಗೋ ಅವಶ್ಯಕತೆನೇ ಇಲ್ಲ. ಪಿಸುಮಾತಿಗೆ ಅಂತ ಹೆಸರಾದ ಜಾಗದಲ್ಲಿ ಪಿಸುಮಾತು ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲಾ ಕೇಳ್ಸುತ್ತೆ ಅಂದ್ರೆ ಹೊಟ್ಟೆ ಉರಿಯುತ್ತೆ.

ಅವತ್ತು ಮಧ್ಯಾಹ್ನ ಟಾಂಗಾದಲ್ಲಿ ಇಬ್ರಾಹಿಂ ರೋಜಾಕ್ಕೆ ಹೋದ್ವಿ. ಗುಮ್ಮಟದ ಹತ್ರ ಇದ್ದ ಜನರಲ್ಲಿ ಕಾಲು ಭಾಗನೂ ಅಲ್ಲಿರ್ಲಿಲ್ಲ, ಬಸ್ಸೆಲ್ಲಾ ಆಗ್ಲೇ ಬಾದಾಮಿ ಕಡೆ ಹೊರಟುಬಿಟ್ಟಿದ್ವೇನೋ. ಒಂದೇ ಜಗಲಿ ಮೇಲೆ ಸಮಾಧಿ, ಮಸೀದಿ ಎದುರುಬದುರು, ನಡುವೆ ನೀರಿನ ಕೊಳ. ಕಿಟಕಿಗಳಿಗೆ ಅರೇಬಿಕ್ ಅಕ್ಷರಗಳನ್ನೇ ಕಲ್ಲಿನ ಜಾಲರಿ ಥರ ಕೊರೆದಿದ್ದಾರೆ, ಅಪ್ಪ ಹೊರಗಡೆ ಗೋಡೆ ಮೇಲಿನ ಕೆತ್ತನೆ ಹತ್ರ ಕೈ ತಂದು, ಮುಟ್ಟಬಾರ್ದು ಅಂತ ನೆನಪಾಗಿ ತಾವೇ ಹಿಂದಕ್ಕೆ ತಗೊಂಡ್ರು. ಅಲ್ಲಿರೋದು ಮೊಹಮ್ಮದ್ ಆದಿಲ್ ಶಾಹನ ಅಪ್ಪ ಎರಡನೇ ಇಬ್ರಾಹಿಂ, ಜನ ಅವನನ್ನ ಜಗದ್ಗುರು ಅಂತ ಕರೀತಿದ್ರು, ಸಂಗೀತ ಅಂದ್ರೆ ಪ್ರಾಣ ಅವನಿಗೆ, ಕಿತಾಬ್-ಎ-ನೌರಸ್ ಅಂತ ದಖನಿ ಭಾಷೆಲಿ ಬರೆದ ಹಾಡುಗಳ ಪುಸ್ತಕದಲ್ಲಿ ಸರಸ್ವತಿನ ಸ್ತುತಿಸಿದ್ದಾನೆ. ಅಂಥ ಸಂಗೀತಗಾರನ ಮಗ ಮಲಗಿರೋ ಜಾಗದಲ್ಲಿ ನಾವು ಮಾಡ್ತಿರೋದು ಈ ಗಲಾಟೆ.

ಟಾಂಗಾದವ್ರಿಗೆ ಬೆಳಿಗ್ಗೆ ಆಗಿದ್ದೆಲ್ಲಾ ಹೇಳಿದಾಗ "ಮುಂಜಾನಿ ಬಾಗ್ಲಾ ತೆಗಿತಿದ್ದಂಗ ಹೋಗ್ರಿ ಅಜ್ಜಾರ, ಆವಾಗ ಗುಮ್ಮಟ ಮಾತಾಡ್ತೈತಿ" ಅಂದ್ರು. ಮಾರನೇ ದಿನ ಹಾಗೇ ಮಾಡಿದ್ವಿ. ಮತ್ತೆ ಅಷ್ಟೂ ಮೆಟ್ಟಿಲು ಹತ್ತಿದ್ರು ಪಾಪ. ಮೇಲೆ ನಾವಿಬ್ರು, ಪುಣೆ ಕಡೆಯ ಒಂದು ಗಂಡ ಹೆಂಡ್ತಿ, ಆಮೇಲೆ ಪಾರಿವಾಳ, ಅಷ್ಟೇ. ಅಪ್ಪನ್ನ ಗೋಡೆಗೆ ಒರಗ್ಸಿ ಕೂರ್ಸಿ ನಾನು ಎದುರುಗಡೆ ಹೋಗಿ ಗೋಡೆ ಹತ್ರ ಬಾಯಿಟ್ಟು "ಅಪ್ಪಾ, ಕಾಫಿ ಬೇಕಾ?" ಅಂದೆ. ಅಷ್ಟು ದೂರದಿಂದ, ಕಿವಿ ಪಕ್ಕದಲ್ಲೇ ಕೂತು ಹೇಳ್ದಂಗೆ "ಈಗ್ಲೇ ಬೇಡ, ಇನ್ನೊಂದು ಸ್ವಲ್ಪ ಹೊತ್ತು ಕೂತ್ಕೋತೀನಿ" ಅಂತ ಬಂತು. ಮುಕ್ಕಾಲು ಗಂಟೆ ಕೂತಿದ್ರು.

ಎಲ್ರೂ ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗೋಕಾಗಲ್ಲ, ದೂರದೂರಿಂದ ಬರೋರಿಗೆ ಒಂದೇ ಚಾನ್ಸು. ಹಾಗಾಗಿ ನನ್ನ ಕೋರಿಕೆ ಇಷ್ಟು. ಗ್ಯಾಲರಿಗೆ ಒಂದೇ ಸಲ ಎಲ್ರನ್ನೂ ಬಿಡದೆ ಮೂವತ್ತು ನಲವತ್ತು ಜನರ ಹಾಗೆ ಬ್ಯಾಚ್ ಮಾಡಿ ಬಿಡ್ಲಿ, ಗಂಟೆಗೆ ಹತ್ತು ನಿಮಿಷ ಯಾರೂ ಕೂಗೋ ಹಾಗಿಲ್ಲ ಅಂತ ಮಾಡ್ಲಿ, ವಿಷಲ್ ಬದ್ಲು ಕೈ ಸನ್ನೆ ಸಾಕು. ಒಬ್ರು ಗೋಡೆ ಹತ್ರ ಕಾಗದ ಹರಿದು ತೋರ್ಸಿದ್ರೆ ಮಕ್ಕಳು ತಾವಾಗೇ ಉಸಿರು ಬಿಗಿಹಿಡಿದು ಕೇಳ್ತಾರೆ, ಅವರ ಮೇಲೆ ನಂಗೆ ಸಿಟ್ಟಿಲ್ಲ. ಪ್ರವಾಸಕ್ಕೆ ಕರ್ಕೊಂಡು ಬರೋ ಮೇಷ್ಟ್ರುಗಳು, ಮೇಡಂಗಳು ಮೆಟ್ಟಿಲು ಹತ್ತೋ ಮೊದ್ಲು, ಕೆಳಗೇ ನಿಲ್ಸಿ ಎರಡು ಮಾತು ಹೇಳ್ಲಿ, ಮೇಲೆ ಹೋದ್ಮೇಲೆ ಹೇಳಿದ್ದು ಯಾರಿಗೂ ಕೇಳ್ಸಲ್ಲ.

ಇಂತಿ,
ಒಬ್ಬ ಓದುಗ, ಹಾಸನ